ಸಕ್ಕರೆಯ ಪಾಕ ಮತ್ತು ಜಾಡಿಮಣ್ಣಿನ ತಟ್ಟೆ

ಸಂಕ್ರಾಂತಿ ಸಮೀಪಿಸಿತೆಂದರೆ ಮುಂಬಯಿಯ ನಮ್ಮ ಮನೆಗಳಿಗೆ ಹಲವು ಬಗೆಯ ಸಿಹಿ ಬರುತ್ತದೆ. ಊರಿನಿಂದ ತಂದ ಮರದ ಅಚ್ಚುಗಳಲ್ಲಿ ಎರೆದ ಸಕ್ಕರೆಯಚ್ಚು ಒಂದು. ನೆರೆಯ ಮರಾಠಿ ಮನೆಯವರು ತಿಳಗೂಳದೊಂದಿಗೆ ಕೊಡುವ, ಮೈಯೆಲ್ಲ ಸಣ್ಣ ಮುಳ್ಳೆದ್ದ ಎಳ್ಳಿನ ‘ಹಲವಾ’ ಇನ್ನೊಂದು. ಲೋಣಾವಳೆಯ ಕಡೆಗೆ ಹೋಗಿಬಂದವರು ತರುವ ಚಿಕ್ಕಿಯಂತೂ ವರ್ಷವಿಡೀ ಇದ್ದೇ ಇರುತ್ತದೆ. ಕಳೆದ ವರ್ಷ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸಕ್ಕರೆಯಚ್ಚಿನ ಆನೆಯನ್ನೂ ಸಕ್ಕರೆಯ ಚಿಕ್ಕಿಯ ತುಂಡನ್ನೂ ಅಂಗೈಯಲ್ಲಿಟ್ಟುಕೊಂಡು, “ಎರಡೂ ಸಕ್ಕರೆಯೇ ಅಲ್ಲವೇ? ಆನೆ ಸುಣ್ಣದ ಹಾಗೆ ಬೆಳ್ಳಗಿದೆ, ಚಿಕ್ಕಿ ಗಾಜಿನ ಹಾಗಿದೆ, ಏಕೆ?” ಎಂದು ಕೇಳಿದಳು. ಪ್ರಶ್ನೆ ಚಿಕ್ಕದು, ಆದರೆ ಅದಕ್ಕೆ ಉತ್ತರ ಕೊಡಹೋಗಿ ನಾವು ಒಂದು ತಟ್ಟೆಯನ್ನು ಕಳೆದುಕೊಂಡೆವು. ಆ ಕಥೆಯನ್ನೂ ಉತ್ತರವನ್ನೂ ಇಲ್ಲಿ ಹೇಳುತ್ತೇವೆ.

ಮೊದಲು ಪಾಕದ ವಿಚಾರ. ಶುದ್ಧ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆಂಬುದನ್ನು ನೀವು ಓದಿರುವಿರಿ. ಅದರಲ್ಲಿ ಸಕ್ಕರೆ ಕರಗಿದ್ದರೆ ಕುದಿಯುವ ಉಷ್ಣಮಾನ ಮೇಲೇರುತ್ತದೆ. ಕುದಿಯುತ್ತ ಹೋದಂತೆ ನೀರು ಆವಿಯಾಗಿ ಸಕ್ಕರೆಯ ಪಾಲು ಹೆಚ್ಚುತ್ತದೆ. ಉಷ್ಣಮಾನವೂ ಅದರೊಂದಿಗೆ ಏರುತ್ತದೆ. ಆದುದರಿಂದ ಪಾಕದ ಉಷ್ಣಮಾನವನ್ನು ತಿಳಿದರೆ ಅದರಲ್ಲಿ ಇನ್ನೆಷ್ಟು ನೀರು ಉಳಿದಿದೆ ಎಂಬುದನ್ನು ತಿಳಿದಂತೆಯೇ. ಸುಮಾರು ೧೧೫ ಡಿಗ್ರಿಯಲ್ಲಿ ನೂರು ಪಾಲಿಗೆ ಹದಿನೈದು ಪಾಲಿನಷ್ಟು ನೀರಿರುತ್ತದೆ. ೧೫೦ ಡಿಗ್ರಿಗೆ ಬರುವ ಹೊತ್ತಿಗೆ ಒಂದು ಪಾಲಿನಷ್ಟೇ ಉಳಿದಿರುತ್ತದೆ.

ನಮ್ಮ ಅಜ್ಜಿಯರ ಬಳಿ ಉಷ್ಣಮಾಪಕವಿರಲಿಲ್ಲ. ಅವರು ತೋರುಬೆರಳು ಹೆಬ್ಬೆರಳುಗಳ ನಡುವೆ ಪಾಕವನ್ನು ಎಳೆದು ನೋಡುತ್ತಿದ್ದರು. ಒಂದೆಳೆ ಬಂದರೆ ಒಂದು ತಿಂಡಿಗೆ, ನೀರಿನಲ್ಲಿ ಬಿಟ್ಟ ಹನಿ ಮೆತ್ತನೆಯ ಉಂಡೆಯಾದರೆ ಇನ್ನೊಂದಕ್ಕೆ, ಆ ಹನಿಯೇ ಗಟ್ಟಿಯಾಗಿ ಬಟ್ಟಲಿಗೆ ಎಸೆದಾಗ ‘ಟಣ್’ ಎಂದರೆ ಚಿಕ್ಕಿಗೆ. ನಾವು ಈ ಗುರುತುಗಳನ್ನು ಉಷ್ಣಮಾಪಕದೊಡನೆ ಹೋಲಿಸಿ ನೋಡಿದೆವು. ಎಳೆಪಾಕ ಸುಮಾರು ೧೦೬ರಿಂದ ೧೧೨, ಮೆತ್ತನೆಯ ಉಂಡೆಪಾಕ ೧೧೨ರಿಂದ ೧೧೬, ‘ಟಣ್’ ಎನ್ನುವ ಪಾಕ ೧೪೬ರಿಂದ ೧೫೪ ಡಿಗ್ರಿ. ಬೆರಳು ಹೇಳಿದ್ದನ್ನೇ ಗಾಜಿನ ಕೊಳವೆಯೂ ಹೇಳಿತು. ೧೬೦ ಡಿಗ್ರಿಯನ್ನು ದಾಟಿದ ಮೇಲೆ ಸಕ್ಕರೆ ಕೆಂಪಾಗುತ್ತದೆ, ಪರಿಮಳ ಬರುತ್ತದೆ. ಇನ್ನೂ ಮುಂದೆ ಹೋದರೆ ಕಹಿಯಾಗಿ ಸೀಯುತ್ತದೆ. ಪ್ರಯೋಗಶಾಲೆಯ ಉಷ್ಣಮಾಪಕವನ್ನು ಮಾತ್ರ ಪಾಕಕ್ಕೆ ಅದ್ದಬೇಡಿರಿ. ಅವುಗಳಲ್ಲಿ ಹಲವು ೧೧೦ ಡಿಗ್ರಿಯವರೆಗೆ ಮಾತ್ರ ಅಳೆಯುತ್ತವೆ, ಅದಕ್ಕೂ ಮಿಕ್ಕಿದರೆ ಒಡೆಯುತ್ತವೆ. ಪಾದರಸವು ತಿನ್ನುವ ಪದಾರ್ಥದಲ್ಲಿ ಬೆರೆತರೆ ಪ್ರಾಣಕ್ಕೇ ಅಪಾಯ. ೨೦೦ ಡಿಗ್ರಿಯವರೆಗೆ ಅಳೆಯುವ ಅಡುಗೆಯ ಉಷ್ಣಮಾಪಕಗಳು ಪ್ರತ್ಯೇಕವಾಗಿ ದೊರೆಯುತ್ತವೆ.

ಇನ್ನು ಆನೆ ಮತ್ತು ಚಿಕ್ಕಿ. ಸಕ್ಕರೆಯ ಕಣಗಳಿಗೆ ಸಾಲುಗೂಡಿ ಹರಳಾಗುವ ಸ್ವಭಾವವುಂಟು. ಸಕ್ಕರೆಯಚ್ಚಿಗೆ ಪಾಕವನ್ನು ಹದಕ್ಕೆ ತಂದು ಚೆನ್ನಾಗಿ ತಿರುವುತ್ತಾರೆ. ತಿರುವಿದಷ್ಟೂ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಮ್ಮೆಲೇ ಹುಟ್ಟುತ್ತವೆ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುವುದರಿಂದ ಆನೆ ಬೆಳ್ಳಗೆ ಕಾಣುತ್ತದೆ. ಎಳ್ಳಿನ ಹಲವಾದಲ್ಲಿಯೂ ಹರಳುಗಳದೇ ಕೆಲಸ. ಸಣ್ಣ ಉರಿಯ ಮೇಲಿನ ಎಳ್ಳಿಗೆ ಚಮಚದಿಂದ ಸ್ವಲ್ಪಸ್ವಲ್ಪವೇ ಪಾಕ ಬಿಡುತ್ತ, ಬೆರಳುಗಳಿಂದ ಆಡಿಸುತ್ತ ಹೋದರೆ ಪದರದ ಮೇಲೆ ಪದರ ಕಟ್ಟಿ ಮುಳ್ಳೇಳುತ್ತದೆ. ಅದಕ್ಕೆ ಬೇಕಾದ ತಾಳ್ಮೆಯನ್ನು ನಾವು ನೆರೆಮನೆಯ ಆಯಿಯವರಲ್ಲಿ ಮಾತ್ರ ಕಂಡಿದ್ದೇವೆ, ನಮ್ಮಲ್ಲಿ ಅದಿಲ್ಲ. ಕಲ್ಲುಸಕ್ಕರೆಯಲ್ಲಾದರೋ ದಾರದ ಮೇಲೆ ಕೆಲವೇ ಹರಳುಗಳನ್ನು ದಿನಗಟ್ಟಲೆ ನಿಧಾನವಾಗಿ ಬೆಳೆಯಗೊಡುತ್ತಾರೆ; ಅದಕ್ಕೇ ಅವು ದೊಡ್ಡವು.

ಚಿಕ್ಕಿಯಲ್ಲಿ ಹರಳು ಹುಟ್ಟಲೇಬಾರದು. ೧೫೦ ಡಿಗ್ರಿಯ ಪಾಕ ಆರುವಾಗ ಎಷ್ಟು ಬೇಗನೆ ಮಂದವಾಗುವುದೆಂದರೆ, ಕಣಗಳಿಗೆ ಸಾಲುಗೂಡಲು ಅವಕಾಶವೇ ದೊರೆಯುವುದಿಲ್ಲ, ಇದ್ದಲ್ಲಿಯೇ ನಿಂತುಬಿಡುತ್ತವೆ. ಕಿಟಕಿಯ ಗಾಜಿನ ರಚನೆಯೂ ಇಂಥದೇ. ಆದರೆ ಬಾಣಲೆಯ ಗೋಡೆಗೆ ಅಂಟಿದ ಒಂದು ಸಕ್ಕರೆಯ ಕಾಳು ಪಾಕದೊಳಗೆ ಬಿದ್ದರೆ ಸಾಕು, ಅದನ್ನೇ ಬೀಜವಾಗಿಸಿಕೊಂಡು ಇಡೀ ಪಾಕ ಮರಳುಗಟ್ಟೀತು. ಅದಕ್ಕಾಗಿ ಸಕ್ಕರೆ ಕರಗಿದ ಮೇಲೆ ಸೌಟಾಡಿಸಬಾರದು. ನಾಲ್ಕಾರು ತೊಟ್ಟು ನಿಂಬೆರಸ ಬಿಡಬೇಕು. ಹುಳಿಯು ಸಕ್ಕರೆಯ ಒಂದು ಭಾಗವನ್ನು ಗ್ಲೂಕೋಸ್, ಫ್ರುಕ್ಟೋಸ್ ಎಂಬ ಎರಡಾಗಿ ಒಡೆಯುತ್ತದೆ. ಬೇರೆ ಆಕಾರದ ಈ ಕಣಗಳು ನಡುವೆ ನುಗ್ಗಿ ಸಾಲನ್ನು ಕೆಡಿಸುತ್ತವೆ. ಬೆಲ್ಲದಲ್ಲಿ ಇವು ಮೊದಲೇ ಇರುವುದರಿಂದ ಬೆಲ್ಲದ ಚಿಕ್ಕಿಗೆ ನಿಂಬೆರಸ ಬೇಕಿಲ್ಲ. (ನಮ್ಮ ‘ಖಂಡ’ವೆಂಬ ಶಬ್ದವೇ ಪಾರಸಿಯ ‘ಕಂದ್’ ಆಗಿ, ಯುರೋಪಿಗೆ ಹೋಗಿ, ‘ಕ್ಯಾಂಡಿ’ಯೆಂಬ ವೇಷದಲ್ಲಿ ನಮ್ಮ ಅಂಗಡಿಗಳಿಗೆ ಮರಳಿ ಬಂದಿದೆ.)

ತಟ್ಟೆಯ ಕಥೆಗೆ ಬರೋಣ. ಉಪ್ಪಿನಕಾಯಿಯ ಜಾಡಿಯನ್ನು ಎಲ್ಲರೂ ಕಂಡಿದ್ದೀರಿ. ಕೆಲವರ ಮನೆಯಲ್ಲಿ ಅದನ್ನು ಭರಣಿ ಎನ್ನುತ್ತಾರೆ. ಆ ಬಗೆಯ ಜೇಡಿಯಿಂದಲೇ ತಟ್ಟೆ, ಬೋಗುಣಿಗಳನ್ನೂ ಮಾಡುತ್ತಾರೆ; ಅಂಗಡಿಯವರು ಅದನ್ನು ಸ್ಟೋನ್‌ವೇರ್ ಎಂದು ಕರೆಯುತ್ತಾರೆ. ಸುಮಾರು ೧೨೦೦ ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಸುಟ್ಟಾಗ ಮಣ್ಣಿನ ಕಣಗಳು ಅರೆಬರೆ ಕರಗಿ ಒಂದಕ್ಕೊಂದು ಬೆಸೆದುಕೊಂಡು ಕಲ್ಲಿನಂತಾಗುತ್ತವೆ. ಕುಂಬಾರನ ಮಡಕೆ ನೀರನ್ನು ಹೀರುತ್ತದೆ. ಇದು ಬಹುಮಟ್ಟಿಗೆ ಹೀರುವುದಿಲ್ಲ. ಉತ್ತರಪ್ರದೇಶದ ಖುರ್ಜಾ ಇಂಥ ಮೆರುಗಿನ ಪಾತ್ರೆಗಳಿಗೆ ಹೆಸರಾದ ಊರು.

ನಮ್ಮಲ್ಲೊಬ್ಬರ ಮನೆಯಿಂದ ತಂದ ಅಂಥದೊಂದು ಅಗಲವಾದ ತಟ್ಟೆ ವಿಜ್ಞಾನದ ಕೊಠಡಿಯ ಕಪಾಟಿನಲ್ಲಿತ್ತು. ಜನವರಿಯ ಬೆಳಿಗ್ಗೆ, ತಟ್ಟೆ ತಣ್ಣಗೆ ಕೊರೆಯುತ್ತಿತ್ತು. ತುಪ್ಪ ಸವರಿ, ೧೫೦ ಡಿಗ್ರಿಯ ಪಾಕವನ್ನು ನೇರವಾಗಿ ಸುರಿದೆವು. ಎರಡು ಕ್ಷಣದೊಳಗೆ ‘ಟಪ್’ ಎಂದು ಶಬ್ದವಾಗಿ ತಟ್ಟೆ ನಡುವೆ ಸೀಳಿತು. ಪಾಕ ಮೇಜಿನ ಅಂಚಿನವರೆಗೆ ಹರಿಯಿತು. ಮಕ್ಕಳೆಲ್ಲ ದೂರದ ಬೆಂಚುಗಳಲ್ಲಿ ಕುಳಿತಿದ್ದುದರಿಂದ ಯಾರಿಗೂ ತಗಲಲಿಲ್ಲ. ತಪ್ಪು ಪೂರ್ಣವಾಗಿ ನಮ್ಮದು. ಅಲ್ಯೂಮಿನಿಯಮ್ ಶಾಖವನ್ನು ಈ ಮಣ್ಣಿಗಿಂತ ನೂರು ಪಟ್ಟಿನಷ್ಟು ಚೆನ್ನಾಗಿ ಸಾಗಿಸುತ್ತದೆ. ಜಾಡಿಮಣ್ಣಿನಲ್ಲಿ ಶಾಖ ಬಹು ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ತಟ್ಟೆಯ ಮೇಲ್ಮೈ ಕಾದು ಹಿಗ್ಗಿತು, ಕೆಳಗಿನ ಭಾಗ ತಣ್ಣಗೆ ಹಾಗೆಯೇ ಉಳಿಯಿತು. ಬಾಗಲರಿಯದ ವಸ್ತು ಒಡೆಯಿತು. ಇಂಥ ಪಾತ್ರೆಯನ್ನು ಬರಿಯ ಉರಿಯ ಮೇಲೆ ಇಡಬಾರದೆನ್ನುವುದೂ ಇದೇ ಕಾರಣದಿಂದ.

ಹಾಗಾದರೆ ಈ ತಟ್ಟೆಯ ಗೊಡವೆಯೇ ಏಕೆ? ಅದರ ದೋಷವೇ ಅದರ ಗುಣವೂ ಹೌದು. ಒಮ್ಮೆ ಬೆಚ್ಚಗಾದರೆ ಬೇಗ ಆರುವುದಿಲ್ಲ. ಉಕ್ಕಿನ ತಟ್ಟೆಯಲ್ಲಿ ಸುರಿದ ಚಿಕ್ಕಿ ನೋಡನೋಡುತ್ತಿದ್ದಂತೆ ಬಿಗಿಯುತ್ತದೆ, ಗೆರೆ ಕೊರೆಯಲು ಹೋದರೆ ಚೂರುಚೂರಾಗುತ್ತದೆ. ಬೆಚ್ಚಗಿನ ಜಾಡಿಮಣ್ಣಿನ ತಟ್ಟೆಯಲ್ಲಿ ಹರಡಿ, ತಟ್ಟಿ, ಗೆರೆಯೆಳೆಯುವಷ್ಟು ಸಮಯ ದೊರೆಯುತ್ತದೆ. ಹೊಸಬರಿಗೆ ಆ ಸಮಯವೇ ಮುಖ್ಯ. ಕೈ ಪಳಗಿದವರಿಗೆ ಯಾವ ತಟ್ಟೆಯಾದರೂ ಆದೀತು.

ಎರಡನೆಯ ಸಲ ಹೀಗೆ ಮಾಡಿದೆವು. ಹೊಸ ತಟ್ಟೆಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಆ ಬಳಿಕ ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಕಾಯಿಸಿದೆವು. ಹೊರತೆಗೆದು ಒಂದು ಹನಿಯೂ ಉಳಿಯದಂತೆ ಒರೆಸಿದೆವು; ಹನಿಯಿದ್ದರೆ ಬಿಸಿಪಾಕದ ಕೆಳಗೆ ಅದು ಆವಿಯಾಗಿ ಪಾಕವನ್ನು ಮೇಲಕ್ಕೆ ಸಿಡಿಸುತ್ತದೆ. ತುಪ್ಪ ಸವರಿ ಒಣಗಿದ ಮರದ ಹಲಗೆಯ ಮೇಲಿರಿಸಿದೆವು. ಶೇಂಗಾ ೨೦೦ ಗ್ರಾಂ ಹುರಿದು, ಸಿಪ್ಪೆ ತೆಗೆದು, ಎರಡು ಹೋಳು ಮಾಡಿಟ್ಟಿದ್ದೆವು. (ಧಾರವಾಡದ ಕಡೆಯವರಿಗೆ ಶೇಂಗಾ, ಕರಾವಳಿಯವರಿಗೆ ನೆಲಗಡಲೆ, ಮೈಸೂರಿನವರಿಗೆ ಕಡಲೆಕಾಯಿ, ನಮ್ಮ ತರಗತಿಯಲ್ಲಿ ಮೂರು ಪಕ್ಷಗಳೂ ಇದ್ದುದರಿಂದ ಇದರ ಚರ್ಚೆಯಲ್ಲೇ ಹತ್ತು ನಿಮಿಷ ಹೋಯಿತು.) ದಪ್ಪ ತಳದ ಬಾಣಲೆಯಲ್ಲಿ ೨೦೦ ಗ್ರಾಂ ಸಕ್ಕರೆಗೆ ಅರ್ಧ ಲೋಟ ನೀರು, ನಿಂಬೆಯ ಕೆಲವು ತೊಟ್ಟು. ೧೫೦ ಡಿಗ್ರಿ ಬಂದೊಡನೆ ಉರಿ ಆರಿಸಿ, ಶೇಂಗಾ ಹಾಕಿ ಒಮ್ಮೆ ಕಲಸಿ, ತಟ್ಟೆಗೆ ಸುರಿದೆವು. ತಟ್ಟೆ ಒಡೆಯಲಿಲ್ಲ. ಎಳೆಯ ಹೊನ್ನಿನ ಬಣ್ಣದ ಚಿಕ್ಕಿಯನ್ನು ಕಿಟಕಿಗೆ ಹಿಡಿದಾಗ, ಹೋಳುಗಳ ನಡುವಿನಿಂದ ಆಚೆಯ ಬೆಳಕು ಕಂಡಿತು. ಪ್ರಶ್ನೆ ಕೇಳಿದವಳಿಗೇ ಮೊದಲ ತುಂಡು.

ಹಿರಿಯರು ಪಕ್ಕದಲ್ಲಿ ಇಲ್ಲದೆ ನೀವು ಇದಕ್ಕೆ ಕೈಹಾಕಕೂಡದು. ಕುದಿನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ. ಪಾಕ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಅದೂ ನೀರಿಗಿಂತ ೫೦ ಡಿಗ್ರಿ ಹೆಚ್ಚಿನ ಕಾವಿನಲ್ಲಿ. ತಗಲಿದರೆ ಕೂಡಲೆ ನಲ್ಲಿಯ ತಣ್ಣೀರಿನ ಕೆಳಗೆ ೨೦ ನಿಮಿಷ ಹಿಡಿಯಿರಿ. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಸವರದೆ ವೈದ್ಯರಲ್ಲಿಗೆ ಹೋಗಿರಿ. ತೆಳ್ಳಗೆ ಸುಟ್ಟು ಸೀಸದ ಮೆರುಗು ಕೊಟ್ಟ ಹಳೆಯ ಅಲಂಕಾರದ ಪಾತ್ರೆಗಳಲ್ಲಿ ತಿನ್ನುವ ಪದಾರ್ಥವನ್ನು ಎರೆಯಬೇಡಿರಿ. ಹುಳಿಗೆ ಸೀಸ ಬಿಡುತ್ತದೆ, ಸೀಸ ವಿಷ.

ಮುಂಬಯಿಯ ಮಳೆಗಾಲದಲ್ಲಿ ಚಿಕ್ಕಿಯನ್ನು ತೆರೆದಿಟ್ಟರೆ ಸಂಜೆಯೊಳಗೆ ಅಂಟಂಟಾಗುತ್ತದೆ. ಗಾಜಿನಂಥ ಸಕ್ಕರೆ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಬಿಗಿಯಾದ ಮುಚ್ಚಳವಿರುವ ಜಾಡಿಯಲ್ಲಿಡಿರಿ. ತಟ್ಟೆಗೆ ಅಂಟಿ ಉಳಿದ ಪಾಕವನ್ನು ಚಾಕುವಿನಿಂದ ಕೆರೆಯಬೇಡಿರಿ, ಮೆರುಗು ಹೋಗುತ್ತದೆ. ತಟ್ಟೆ ಆರಿದ ಮೇಲೆ ಬೆಚ್ಚಗಿನ ನೀರು ಹಾಕಿ ಬಿಟ್ಟುಬಿಡಿ. ಬೆಳಗಾಗುವಷ್ಟರಲ್ಲಿ ಎಲ್ಲವೂ ತಾನಾಗಿ ಕರಗಿರುತ್ತದೆ.