ಫಾರ್ವರ್ಡ್ ಮಾಡುವ ಮೊದಲು ಫೋನ್ ಮಾಡಿ

ಊರ ಕಡೆ ಪ್ರಾರ್ಥನಾ ಮಂದಿರಕ್ಕೆ ನುಗ್ಗಿದರು, ಮಿಷನರಿಯೊಬ್ಬರನ್ನು ಪೊಲೀಸರು ಕರೆದೊಯ್ದರು ಎಂಬ ಸುದ್ದಿ ಬಂದರೆ ಡೊಂಬಿವಲಿ, ಕಲ್ಯಾಣ, ಥಾಣೆಯ ನಮ್ಮ ಕ್ರೈಸ್ತ ಕುಟುಂಬಗಳು ಸುಮ್ಮನೆ ಕೂರುವುದಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚ್‌ಗಳ ಮೇಲೆ ನಡೆದ ದಾಳಿಯನ್ನು ಇನ್ನೂ ಯಾರೂ ಮರೆತಿಲ್ಲ. ಆದರೆ ನೆರವಾಗುವ ಭರದಲ್ಲಿ ಮೊದಲ ಹೆಜ್ಜೆಯನ್ನೇ ತಪ್ಪಾಗಿ ಇಡುತ್ತಾರೆ.

ಮೊಬೈಲಿನಲ್ಲಿ ಒಂದು ಸಂದೇಶ, ‘ತುರ್ತು ಪ್ರಾರ್ಥನೆ’ ಎಂಬ ತಲೆಬರಹ. ಕೆಳಗೆ ಪಾಸ್ಟರ್ ಹೆಸರು, ಹಳ್ಳಿ, ಮೊಬೈಲ್ ನಂಬರ್, ಹೆಂಡತಿ ಮಕ್ಕಳ ಫೋಟೊ, ಜೊತೆಗೆ ಹಳೆಯ ದೀಕ್ಷಾಸ್ನಾನದ ವಿಡಿಯೊ. ಸಂಜೆಯೊಳಗೆ ಅದು ನವಿ ಮುಂಬಯಿಯ ಹತ್ತು ಗುಂಪು ಸುತ್ತಿ ಅದೇ ಹಳ್ಳಿಗೆ ವಾಪಸಾಗಿರುತ್ತದೆ. ವಿಡಿಯೊದಲ್ಲಿ ತಲೆಗೆ ಸೆರಗು ಹೊದ್ದು ಕೂತ ಹೆಂಗಸರ ಮನೆಬಾಗಿಲಿಗೆ ಮರುದಿನ ಜನ ಬರುತ್ತಾರೆ. ಕೋರ್ಟಿನಲ್ಲಿ ಎದುರು ಪಕ್ಷದ ಕೈಯಲ್ಲಿರುವುದೂ ನಾವೇ ಹಂಚಿದ ವಿಡಿಯೊ.

ಒಂದು ಹೆಸರು ಹೊರಬಿದ್ದು ಅನಾಹುತವಾಗುವುದು ಥಾಣೆಗೆ ಹೊಸದಲ್ಲ. 1321ರಲ್ಲಿ ಇಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾಯಿತು. ಪ್ರವಾಸಿ ಒಡೊರಿಕ್ ಬರೆದಿಟ್ಟಂತೆ, ಆ ಸನ್ಯಾಸಿಗಳು ತಂಗಿದ್ದ ಕ್ರೈಸ್ತರ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆದ. ಖಾಜಿಗೆ ದೂರು ಕೊಟ್ಟ ಆಕೆ, ಸಾಕ್ಷಿ ಯಾರೆಂದು ಕೇಳಿದಾಗ ಮನೆಯಲ್ಲಿದ್ದ ಸನ್ಯಾಸಿಗಳ ಹೆಸರು ಹೇಳಿದಳು. ಆಕೆಯದೇನೂ ತಪ್ಪಿರಲಿಲ್ಲ. ಆದರೂ ಅವರನ್ನು ಹಿಡಿದು ತರಲು ಆ ಒಂದು ಮಾತು ಸಾಕಾಯಿತು.

ಹಾಗಾಗಿ ಗುಂಪಿನಲ್ಲಿ ‘ಕಷ್ಟದಲ್ಲಿರುವ ಒಬ್ಬ ಸೇವಕರಿಗಾಗಿ’ ಎಂದಷ್ಟೇ ಬರೆಯಿರಿ. ದೇವರಿಗೆ ಪಿನ್‌ಕೋಡ್ ಬೇಕಿಲ್ಲ.

ಆಮೇಲೆ ಮನೆಯವರಿಗೋ ಹತ್ತಿರದ ಸಭೆಯ ಹಿರಿಯರಿಗೋ ಫೋನ್ ಮಾಡಿ. ಪಾಸ್ಟರ್ ಮೊಬೈಲಿಗೆ ಬೇಡ, ಅದು ಯಾರ ಕೈಯಲ್ಲಿದೆಯೋ. ಯಾವ ಠಾಣೆ, ಎಫ್‌ಐಆರ್ ನಂಬರ್ ಎಷ್ಟು, ಯಾವ ಸೆಕ್ಷನ್, ಗಾಯವಾಗಿದೆಯೇ ಎಂದು ಕೇಳಿ ಬರೆದುಕೊಳ್ಳಿ. ಗಲಾಟೆ ಇನ್ನೂ ನಡೆಯುತ್ತಿದ್ದರೆ ಅಲ್ಲಿದ್ದವರೇ 112ಕ್ಕೆ ಕರೆ ಮಾಡಲಿ. ಗಂಭೀರ ಹಲ್ಲೆಯ ದೂರನ್ನು ‘ನಮ್ಮ ವ್ಯಾಪ್ತಿಯಲ್ಲ’ ಎಂದು ತಳ್ಳಿಹಾಕುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದಾಖಲಿಸಬೇಕು, ದೂರುದಾರರಿಗೆ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಬಂಧಿಸಿದರೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆ ಹೊತ್ತನ್ನು ಮುಂಬಯಿಯ ದೊಡ್ಡ ವಕೀಲರಿಗಾಗಿ ಅಲೆಯುತ್ತ ಕಳೆಯಬೇಡಿ. ಅದೇ ತಾಲ್ಲೂಕು ಕೋರ್ಟಿನಲ್ಲಿ ದಿನಾ ಓಡಾಡುವವರು ಬೇಕು. ಯಾರೂ ಸಿಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ; ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ಔಷಧಿಯ ವಿಷಯ ಜಾಮೀನಿನಷ್ಟೇ ತುರ್ತು. ನಮ್ಮ ಪಕ್ಕದ ತಳೋಜಾ ಜೈಲಿನಲ್ಲಿದ್ದ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು ನೆನೆಯಿರಿ. ಅವರ ಮೇಲಿದ್ದದ್ದು ಧರ್ಮದ ಪ್ರಕರಣವಲ್ಲ, ಭಯೋತ್ಪಾದನೆ ತಡೆ ಕಾಯ್ದೆಯಾದ ಯುಎಪಿಎ. ಪಾರ್ಕಿನ್ಸನ್‌ನಿಂದ ಕೈ ನಡುಗಿ ಲೋಟ ಹಿಡಿಯಲಾಗದೆ 2020ರ ನವೆಂಬರ್‌ನಲ್ಲಿ ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ತನಿಖಾ ಸಂಸ್ಥೆ ಎನ್‌ಐಎ 20 ದಿನ ಕೇಳಿತು. 2021ರ ಜುಲೈ 5ರಂದು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆದ್ದರಿಂದ ಡಾಕ್ಟರ ಚೀಟಿ, ಮಾತ್ರೆಯ ಹೆಸರು, ಕನ್ನಡಕದ ನಂಬರ್ ಎಲ್ಲವನ್ನೂ ಮೊದಲ ದಿನವೇ ವಕೀಲರ ಕೈಗೆ ಕೊಟ್ಟು ಅರ್ಜಿ ಹಾಕಿಸಿ.

ಇನ್ನು ಹಣ. ಪಾಸ್ಟರ್ ಖಾತೆಗೆ ಸುಮ್ಮನೆ ಸುರಿಯಬೇಡಿ. ವಕೀಲರ ಫೀಸು ವಕೀಲರಿಗೆ, ಮಕ್ಕಳ ಫೀಸು ಶಾಲೆಗೆ ನೇರ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಪಾಸ್ಟರ್ ಮೂಲಕ ಹಳ್ಳಿಯವರಿಗೆ ಸೀರೆ, ಕಂಬಳಿ ಹಂಚಿಸುವ ಉಮೇದು ಈಗಂತೂ ಬೇಡವೇ ಬೇಡ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ‘ಆಮಿಷ’ದ ಪಟ್ಟಿಗೆ ಸೇರಿಸಿತು. ದುಬೈಯಲ್ಲಿರುವ ತಮ್ಮ ಭಾರತದ ಪಾಸ್‌ಪೋರ್ಟ್‌ನವನಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಕೆನಡಾ ಪೌರತ್ವ ಪಡೆದ ಅಕ್ಕನ ಹಣಕ್ಕೆ ವಿದೇಶಿ ದೇಣಿಗೆ ಕಾಯ್ದೆ (ಎಫ್‌ಸಿಆರ್‌ಎ) ಅಡ್ಡ ಬರುತ್ತದೆ, ಮೊದಲು ಲೆಕ್ಕಪರಿಶೋಧಕರನ್ನು ಕೇಳಿ.

ಜಾಮೀನಾದ ಮೇಲೆ ಬಾಡಿಗೆ ಮನೆ ಬಿಡಿಸುವುದುಂಟು, ಶ್ಯೂರಿಟಿಗೆ ಯಾರೂ ನಿಲ್ಲದಿರುವುದೂ ಉಂಟು. ಕೋರ್ಟಿನ ತಾರೀಖುಗಳು ವರ್ಷಗಟ್ಟಲೆ ಎಳೆಯುತ್ತವೆ. ಬಸ್ ಖರ್ಚಿಗೆ ತಿಂಗಳಿಗೆ ಇಷ್ಟು ಎಂದು ಎತ್ತಿಡಿ, ಲೆಕ್ಕವನ್ನು ಒಬ್ಬರೇ ನೋಡಿಕೊಳ್ಳಲಿ.