ಹಿಜ್ಕೀಯನ 16 ದಿನ, ನಿಮ್ಮ ಒಂದು ಡ್ರಾಯರ್

2 ಪೂರ್ವಕಾಲವೃತ್ತಾಂತ 29ನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಿ ತೆಗೆದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ಬೇಡ.

ಹಿಜ್ಕೀಯನು ಯೆಹೂದದ ಅರಸನಾದಾಗ ಅವನಿಗೆ 25 ವರ್ಷ. ಇಲ್ಲಿ ಕೂತಿರುವ ಎಷ್ಟೋ ಜನರ ವಯಸ್ಸು ಅದೇ. ಅವನ ತಂದೆ ಆಹಾಜನು ದೇವಾಲಯದ ಬಾಗಿಲು ಮುಚ್ಚಿಸಿಬಿಟ್ಟಿದ್ದ. ದೀಪ ಆರಿತ್ತು, ಧೂಪ ನಿಂತಿತ್ತು, ಒಳಗೆ ಹೊಲಸು. ಮಗ ಬಂದ ಮೊದಲನೇ ವರ್ಷದ ಮೊದಲನೇ ತಿಂಗಳಲ್ಲೇ ಬಾಗಿಲು ತೆಗೆಸಿದ. ಶುದ್ಧಿ ಮಾಡೋಕೆ ಎಷ್ಟು ದಿನ ಆಯ್ತು? 17ನೇ ವಚನ ನೋಡಿ. ದ್ವಾರಮಂಟಪದ ತನಕ ಬರಲಿಕ್ಕೆ 8 ದಿನ, ಆಮೇಲೆ ಇನ್ನೂ 8 ದಿನ. ಒಟ್ಟು 16.

ಅರಸನ ಅಪ್ಪಣೆ ಇತ್ತು, ಕೆಲಸಕ್ಕೆ ಯಾಜಕರು, ಲೇವಿಯರು ಇದ್ದರು. ಆದರೂ ಒಂದೇ ದಿನದಲ್ಲಿ ಆಗಲಿಲ್ಲ. ನಾವು ನೋಡಿದ್ರೆ, 'ಭಾನುವಾರ ಆರಾಧನೆ ಮುಗಿಸಿ ಬಂದು ಇಡೀ ಮನೆ ಕ್ಲೀನ್ ಮಾಡ್ತೀನಿ' ಅಂತೀವಿ. ಎಲ್ಲಾ ಮಂಚದ ಮೇಲೆ ಸುರಿದು, ಸಂಜೆ ಸುಸ್ತಾಗಿ ಮತ್ತೆ ಅದೇ ಕಪಾಟಿಗೆ ತುರುಕ್ತೀವಿ. ಆಮೆನ್ ಹೇಳೋರೇ ಇಲ್ಲ!

ದಿನಕ್ಕೆ 10 ನಿಮಿಷ, ಒಂದೇ ಜಾಗ. ಇವತ್ತು ಚಾರ್ಜರ್, ವೈರ್ ಇರೋ ಡ್ರಾಯರ್. ನಾಳೆ ಡೇಟ್ ಮುಗಿದ ಮಾತ್ರೆಗಳ ಡಬ್ಬ. ನಾಡಿದ್ದು ಕವರ್‌ಗಳನ್ನೇ ತುಂಬಿಟ್ಟಿರೋ ಆ ದೊಡ್ಡ ಕವರ್. ನಗಬೇಡಿ, ಎಲ್ಲರ ಮನೆಯಲ್ಲೂ ಇದೆ.

ಈಗ 16ನೇ ವಚನ. ಯಾಜಕರು ಒಳಗಿದ್ದ ಹೊಲಸನ್ನು ಅಂಗಳಕ್ಕೆ ತಂದರು. ಲೇವಿಯರು ಅದನ್ನು ಅಲ್ಲಿಂದ ಕಿದ್ರೋನ್ ಹಳ್ಳಕ್ಕೆ ಸಾಗಿಸಿದರು. ನಮ್ಮದು ಅಂಗಳದಲ್ಲೇ ನಿಂತುಬಿಡುತ್ತೆ. 'ಯಾರಿಗಾದ್ರೂ ಕೊಡೋಣ' ಅಂತ ಕಟ್ಟಿಟ್ಟ ಚೀಲ ಆರು ತಿಂಗಳಿಂದ ಬಾಲ್ಕನಿಯಲ್ಲಿ ಕೂತಿದೆ. ಅದನ್ನು ನೋಡಿದಾಗಲೆಲ್ಲ 'ಇದೊಂದು ಬಾಕಿ' ಅಂತ ಮನಸ್ಸು ಚುಚ್ಚುತ್ತೆ. ಸಮಾಧಾನ ಕದಿಯೋದು ಆ ಬಾಕಿಯೇ. ಹಾಕಿಕೊಳ್ಳುವಂಥ ಬಟ್ಟೆಯನ್ನು ಒಗೆದು ಅದೇ ವಾರ ಕೊಡಿ. ಹರಿದದ್ದನ್ನು ಬಡವರಿಗೆ ಕೊಟ್ಟು ದಾನ ಅಂತ ಕರೀಬೇಡಿ. ಕಾಗದ, ಪ್ಲಾಸ್ಟಿಕ್ ಒಣ ಕಸದ ಗಾಡಿಗೆ ಹೋಗಲಿ. ಕೆಟ್ಟ ಫೋನ್, ಬ್ಯಾಟರಿಗಳನ್ನು ಇ-ವೇಸ್ಟ್ ತೆಗೆದುಕೊಳ್ಳುವ ಕಡೆ ಕೊಡಿ.

ಎಲ್ಲಾ ಎಸೆಯಿರಿ ಅಂತ ನಾನು ಹೇಳ್ತಿಲ್ಲ. ಆಹಾಜನು ಬೇಡವೆಂದು ಬಿಸಾಡಿದ್ದ ಪಾತ್ರೆಗಳನ್ನು ಸರಿಮಾಡಿ, ಶುದ್ಧಿಪಡಿಸಿ, ಯಜ್ಞವೇದಿಯ ಮುಂದೆ ಇಟ್ಟರು ಅಂತ 19ನೇ ವಚನದಲ್ಲಿದೆ. ನಮ್ಮ ತಂದೆ ಕರ್ತನ ಸನ್ನಿಧಿ ಸೇರಿದ ಮೇಲೆ ಅಮ್ಮ ಅವರ ಬೀರು ಮುಟ್ಟಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ. ಒಂದು ವರ್ಷವಾದ ಮೇಲೆ ಅವರೇ, 'ದಿನಕ್ಕೆ ಒಂದು ಬಟ್ಟೆ ತೆಗೆಯೋಣ ಕಣೋ' ಅಂದರು. ಒಂದು ಶರ್ಟ್ ತೆಗೆಯೋದು, ಅದನ್ನು ಅಪ್ಪ ಯಾವಾಗ ಹಾಕಿದ್ದು ಅಂತ ಹೇಳೋದು, ಮಡಚಿ ಚೀಲಕ್ಕೆ ಇಡೋದು. ಅತ್ತು ಬೀರು ಮುಚ್ಚಿದ ದಿನಗಳೂ ಉಂಟು. ಕೊನೆಗೆ ಒಂದು ಸ್ವೆಟರ್, ಅಪ್ಪ ಪೆನ್ನಲ್ಲಿ ಗೆರೆ ಎಳೆದಿದ್ದ ಬೈಬಲ್, ಇಷ್ಟೇ ಉಳಿಸಿಕೊಂಡರು. ಈಗ ಬೆಳಿಗ್ಗೆ ಆ ಬೈಬಲ್‌ನಲ್ಲೇ ಓದ್ತಾರೆ.

ಪಿಜಿಯಲ್ಲಿರುವ ತಮ್ಮಂದಿರೇ, ತಂಗಿಯರೇ, ನಿಮಗೆ ಬೀರು ಇಲ್ಲದಿರಬಹುದು. ಕುರ್ಚಿ ಮೇಲೆ ಬಟ್ಟೆಯ ಗುಡ್ಡ ಇದೆಯಲ್ಲ, ಅಲ್ಲಿಂದ ಶುರು ಮಾಡಿ. ಮೊಣಕಾಲೂರಲು ಎರಡಡಿ ನೆಲ ಸಿಕ್ಕರೆ ಸಾಕು. ಯಾವ ಡ್ರಾಯರ್ ಮುಗೀತು ಅಂತ ಮುಂದಿನ ಭಾನುವಾರ ಕೇಳ್ತೀನಿ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.