ಮೋಟಾರಿನ ನೆನಪನ್ನು ನಕಲು ಮಾಡುವ ಬಗೆ

ಕಳೆದ ಮಳೆಗಾಲದಲ್ಲಿ ನಮ್ಮ ವಾಚನಾಲಯಕ್ಕೆ ಬರುವ ಟ್ಯಾಕ್ಸಿ ಚಾಲಕರೊಬ್ಬರ ಡೀಸೆಲ್ ಗಾಡಿ ಒಂದು ಇಡೀ ರಾತ್ರಿ ನೀರಿನಲ್ಲಿ ನಿಂತಿತು. ಎಂಜಿನ್ನಿಗೆ ಹೆಚ್ಚಿನ ಕೇಡಾಗಿರಲಿಲ್ಲ. ಆದರೆ ಅದನ್ನು ನಡೆಸುವ ಪೆಟ್ಟಿಗೆ, ಇ.ಸಿ.ಯು. ಎನ್ನುತ್ತಾರಲ್ಲ ಅದು, ಒಳಗೆಲ್ಲ ಕಿಲುಬು ಹಿಡಿದು ಕೆಟ್ಟಿತ್ತು. ಹೊಸದರ ಬೆಲೆ ಕೇಳಿ ಅವರು ಎದೆಗುಂದಿದರು. ಹಳೆಯ ಸಾಮಾನಿನ ಬಜಾರಿನಿಂದ ಅದೇ ನಂಬರಿನ ಇನ್ನೊಂದು ಪೆಟ್ಟಿಗೆಯನ್ನು ತಂದು ಜೋಡಿಸಿದ್ದಾಯಿತು. ಸ್ಟಾರ್ಟರು ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಪೆಟ್ಟಿಗೆಯೂ ಸರಿ, ಕೀಲಿಕೈಯೂ ಸರಿ, ಮತ್ತೇಕೆ ಹೀಗೆ ಎಂದು ಅವರು ಕೇಳಿದರು. ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಇಬ್ಬರು ತರುಣರೊಡನೆ ಕುಳಿತು ನಾವು ತಿಳಿದುಕೊಂಡದ್ದನ್ನು ಇಲ್ಲಿ ಪಾಠರೂಪವಾಗಿ ಕೊಟ್ಟಿದ್ದೇವೆ.

ಕೀಲಿಕೈಯ ತಲೆಯೊಳಗೆ ಅಕ್ಕಿಕಾಳಿನಷ್ಟು ಸಣ್ಣದೊಂದು ಚಿಪ್ ಅಡಗಿರುತ್ತದೆ. ಕೀಲಿ ತಿರುಗಿಸಿದೊಡನೆ ಅದು ತಂತಿಯಿಲ್ಲದೆಯೇ ತನ್ನ ಗುರುತನ್ನು ಹೇಳುತ್ತದೆ. ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಅದನ್ನು ಒಪ್ಪಿ, ಇ.ಸಿ.ಯು.ವಿನೊಡನೆ ಒಂದು ಗುಟ್ಟಿನ ಸಂಖ್ಯೆಯನ್ನು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಇಂಧನ ಹರಿಯದು. ಬಜಾರಿನಿಂದ ಬಂದ ಪೆಟ್ಟಿಗೆಗೆ ತನ್ನ ಹಳೆಯ ಗಾಡಿಯ ಗುಟ್ಟು ನೆನಪಿತ್ತೇ ಹೊರತು ನಮ್ಮವರ ಗಾಡಿಯದಲ್ಲ.

ಈ ನೆನಪು ಎಲ್ಲಿರುತ್ತದೆ? ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಎರಡು ಬಗೆಯ ನೆನಪುಂಟು. ಎಂಜಿನ್ನನ್ನು ನಡೆಸುವ ಕಾರ್ಯಕ್ರಮವೂ ಇಂಧನದ ಕೋಷ್ಟಕಗಳೂ ಫ್ಲ್ಯಾಷ್ ಎಂಬುದರಲ್ಲಿರುತ್ತವೆ. ಇದನ್ನು ಅಚ್ಚಾದ ನಿಯಮಾವಳಿ ಎನ್ನೋಣ. ಗುಟ್ಟಿನ ಸಂಖ್ಯೆ, ಚಾಸಿಸ್ ನಂಬರು, ದೋಷದ ದಾಖಲೆ ಮೊದಲಾದವು ಇ.ಇ.ಪ್ರಾಮ್ ಎಂಬ ಎಂಟು ಕಾಲಿನ ಪುಟ್ಟ ಚಿಪ್ಪಿನಲ್ಲಿರುತ್ತವೆ. ಇದು ಗುಮಾಸ್ತನ ಕೈಬರಹದ ಖಾತೆ. ವಿದ್ಯುತ್ತು ಹೋದರೂ ಬರೆದದ್ದು ಅಳಿಯದು. ೧೯೭೧ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಹ್‌ಮನ್ ಎಂಬವರು ಕಂಡುಹಿಡಿದ ಚಿಪ್ಪನ್ನು ಅಳಿಸಬೇಕಾದರೆ ಗಾಜಿನ ಕಿಂಡಿಯ ಮೂಲಕ ಅತಿನೇರಳೆ ಬೆಳಕು ಬಿಡಬೇಕಾಗಿತ್ತು. ವಿದ್ಯುತ್ತಿನಿಂದಲೇ ಅಳಿಸಿ ಬರೆಯುವ ಇಂಟೆಲ್ ೨೮೧೬ ಎಂಬ ಚಿಪ್ಪನ್ನು ೧೯೭೮ರಲ್ಲಿ ಅದೇ ಕಂಪನಿಯ ಜಾರ್ಜ್ ಪೆರ್ಲೆಗೋಸ್ ರೂಪಿಸಿದರು. ಇಂದಿನ ಎಂಟು ಕಾಲಿನವರೆಲ್ಲ ಅದೇ ಮನೆತನದವರು.

ಚಿಪ್ಪಿನ ಬೆನ್ನ ಮೇಲಿನ ಸಂಖ್ಯೆಯೇ ಅದರ ಜಾತಕ. ೯೩ಸಿ೪೬ ಎಂದಿದ್ದರೆ ೧೨೮ ಬೈಟು, ೯೩ಸಿ೫೬ ಎಂದರೆ ೨೫೬, ೯೩ಸಿ೬೬ ಎಂದರೆ ೫೧೨. ೨೪ಸಿ೦೨ರಲ್ಲಿ ೨೫೬. ನಮ್ಮವರ ಪೆಟ್ಟಿಗೆಯಲ್ಲಿದ್ದದ್ದು ೯೫೧೬೦, ಅಂದರೆ ೨,೦೪೮ ಬೈಟು. ಕೈಬರಹದ ಒಂದು ಹಾಳೆಯಷ್ಟು ಲೆಕ್ಕ! ಇಷ್ಟಕ್ಕಾಗಿ ಒಂದು ಸಂಸಾರದ ಅನ್ನ ನಿಂತುಹೋಗಿತ್ತು.

ನಕಲು ಮಾಡುವ ಮೊದಲು ಎರಡು ಪೆಟ್ಟಿಗೆಗಳ ಚೀಟಿಯನ್ನೂ ಓದಬೇಕು. ಬಾಷ್ ಪೆಟ್ಟಿಗೆಯಾದರೆ ಡೀಸೆಲಿನ ನಂಬರು ೦೨೮೧ರಿಂದಲೂ ಪೆಟ್ರೋಲಿನದು ೦೨೬೧ರಿಂದಲೂ ಮೊದಲಾಗುತ್ತದೆ. ಆ ನಂಬರು ಕೊನೆಯ ಅಂಕಿಯವರೆಗೂ ಒಂದೇ ಆಗಿರಬೇಕು. ಒಳಗಿನ ಸಾಫ್ಟ್‌ವೇರಿನ ನಂಬರೂ ಅಷ್ಟೆ. ಸಾಫ್ಟ್‌ವೇರು ಬೇರೆಯಾಗಿದ್ದರೆ ಫ್ಲ್ಯಾಷನ್ನೂ ನಕಲು ಮಾಡಬೇಕಾಗುತ್ತದೆ, ಅದು ಬೇರೆ ಸಲಕರಣೆಯ ಕೆಲಸ. ಹೊಸ ಕಾಲದ ಅನೇಕ ಪೆಟ್ಟಿಗೆಗಳಲ್ಲಿ ಈ ನೆನಪು ಪ್ರೊಸೆಸರಿನ ಹೊಟ್ಟೆಯೊಳಗೇ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಈ ಪಾಠ ನಡೆಯದು.

ಇನ್ನು ಕೆಲಸ. ಮೊದಲ ದಿನ ತರುಣರು ಚಿಪ್ಪನ್ನು ಬಿಚ್ಚದೆ, ಮೇಲಿನಿಂದ ಕ್ಲಿಪ್ಪು ಕಚ್ಚಿಸಿ ಪ್ರೋಗ್ರಾಮರ್ ಯಂತ್ರದಲ್ಲಿ ಓದಿದರು. ಮೂರು ಸಲ ಓದಿದರೆ ಮೂರು ಬೇರೆ ಫೈಲು! ಕ್ಲಿಪ್ಪಿನಿಂದ ಹೋದ ವಿದ್ಯುತ್ತು ಹಲಗೆಯ ಮೇಲೆಲ್ಲ ಹರಡಿ, ಪ್ರೊಸೆಸರು ಅರೆಬರೆ ಎಚ್ಚೆತ್ತು, ತಾನೂ ಅದೇ ಚಿಪ್ಪಿನೊಡನೆ ಮಾತಿಗೆ ತೊಡಗುವುದುಂಟು. ಇಬ್ಬರು ಒಟ್ಟಿಗೆ ಕೂಗಿದರೆ ಯಾರ ಮಾತು ಕೇಳೀತು? ಆದುದರಿಂದ ಬಿಸಿಗಾಳಿಯಿಂದ ಬೆಸುಗೆ ಕರಗಿಸಿ ಚಿಪ್ಪನ್ನು ಎತ್ತಿಯೇ ಓದಬೇಕಾಯಿತು. ಒಂದನೆಯ ಕಾಲನ್ನು ತೋರಿಸುವ ಚುಕ್ಕೆ ಯಾವ ಕಡೆಗಿತ್ತೆಂದು ಎತ್ತುವ ಮೊದಲೇ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಚಿಪ್ಪು ೫ ವೋಲ್ಟಿನದೋ ೩.೩ ವೋಲ್ಟಿನದೋ ಎಂಬುದನ್ನೂ ನೋಡಿಕೊಳ್ಳಬೇಕು.

ಮೂರು ಸಲ ಓದಿ ಮೂರೂ ಅಕ್ಷರಶಃ ಹೊಂದಿದರೆ ಮಾತ್ರ ನಂಬಬಹುದು. ಪರದೆಯ ತುಂಬ ಎಫ್.ಎಫ್. ಎಂದೇ ಬಂದರೆ ಚಿಪ್ಪು ಖಾಲಿ, ಇಲ್ಲವೆ ಕಾಲು ಸರಿಯಾಗಿ ತಾಗಿಲ್ಲ. ೯೩ರ ಜಾತಿಯಲ್ಲಿ ಇನ್ನೊಂದು ಕೀಟಲೆಯಿದೆ: ಅವನ್ನು ೮ ಬಿಟ್ಟಿನಂತೆಯೂ ೧೬ ಬಿಟ್ಟಿನಂತೆಯೂ ಓದಬಹುದು, ಕ್ರಮ ತಪ್ಪಿದರೆ ಬೈಟುಗಳು ಜೋಡಿ ಜೋಡಿಯಾಗಿ ಹಿಂದುಮುಂದಾಗುತ್ತವೆ. ಓದಿದ ಕ್ರಮದಲ್ಲಿಯೇ ಬರೆದರೆ ತೊಂದರೆಯಿಲ್ಲ.

ಬರೆಯುವ ಮುಂಚೆ ಬಜಾರಿನ ಚಿಪ್ಪಿನ ನಕಲನ್ನೂ ತೆಗೆದಿಡಬೇಕು. ಎರಡು ಫೈಲಿಗೂ ಗಾಡಿಯ ನಂಬರು, ತಾರೀಖು, 'ಹಳೆಯದು', 'ಹೊಸದು' ಎಂದು ಹೆಸರು ಕೊಟ್ಟು ಎರಡು ಕಡೆ ಇಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ತರುಣರಲ್ಲೊಬ್ಬನು ಹಿಂದೊಮ್ಮೆ ಗಿರಾಕಿಯ ಮೂಲ ಚಿಪ್ಪನ್ನು ಓದುವ ಬದಲು ಬರೆಯುವ ಗುಂಡಿ ಒತ್ತಿಬಿಟ್ಟ. ಖಾಲಿ ಹಾಳೆ ಮೂಲದ ಮೇಲೆಯೇ ಬಿತ್ತು. ನಕಲಿರಲಿಲ್ಲ. ಒಂದು ತಿಂಗಳ ಸಂಬಳ ಅವನ ಕೈಬಿಟ್ಟಿತು. ಅವನ ತಾಯಿಗೆ ಊರಿಗೆ ಹೋಗಬೇಕಾಗಿದ್ದ ಹಣ ಅದು. ಅಂದಿನಿಂದ ಅವನು ಮೂಲ ಚಿಪ್ಪನ್ನು ಮುಟ್ಟುವಾಗ ಪಕ್ಕದವನನ್ನು ಕರೆದು ಪರದೆ ತೋರಿಸಿಯೇ ಗುಂಡಿ ಒತ್ತುತ್ತಾನೆ.

ಗಾಡಿಯ ಆರ್.ಸಿ. ಪುಸ್ತಕ ನೋಡದೆ, ಅದರ ಚಾಸಿಸ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದದೆ ಯಾರಿಗೂ ಈ ಕೆಲಸ ಮಾಡಿಕೊಡಬಾರದು. ಕಳವಿನ ಗಾಡಿಗೆ ಬೇಕಾದದ್ದೂ ಇದೇ ವಿದ್ಯೆ. ಓಡಿದ ಕಿಲೋಮೀಟರನ್ನು ಇಳಿಸಿಕೊಡಿ ಎನ್ನುವವರೂ ಬರುತ್ತಾರೆ, ಅವರಿಗೆ ಬಾಗಿಲು ತೋರಿಸತಕ್ಕದ್ದು.

ನಮ್ಮ ಚಾಲಕರ ಪೆಟ್ಟಿಗೆಗೆ ೨,೦೪೮ ಬೈಟುಗಳನ್ನೂ ಬರೆದು, ಮತ್ತೊಮ್ಮೆ ಓದಿ ತಾಳೆ ನೋಡಿ, ಬೆಸುಗೆ ಹಾಕಿ ಕೂರಿಸಿದಾಗ ರಾತ್ರಿ ಒಂಬತ್ತು ದಾಟಿತ್ತು. ಎರಡನೆಯ ತಿರುವಿಗೆ ಎಂಜಿನ್ ಹಿಡಿಯಿತು. ಎ.ಬಿ.ಎಸ್. ದೀಪ ಮಾತ್ರ ಆರಲಿಲ್ಲ. ಆ ಪೆಟ್ಟಿಗೆಯೂ ನೀರು ಕುಡಿದಿತ್ತು.